ಕ್ರಯವೂ ಕರುಣೆಯೂ

ಭಾದ್ರಪದ ಶುದ್ಧ ತದಿಗೆಯ ದಿನ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಸ್ವರ್ಣಗೌರಿಯ ಪೂಜೆ ಮುಗಿದ ಮೇಲೆ ಮುತ್ತೈದೆಯರು ಸೆರಗಿನ ಮರೆಯಲ್ಲಿ ಒಬ್ಬರಿಗೊಬ್ಬರು ಕೊಡುವ ಮೊರದ ಬಾಗಿನವನ್ನು ಯಾರಾದರೂ ಬಿಚ್ಚಿ, ಅದರೊಳಗಿನ ಒಂದೊಂದು ಪದಾರ್ಥವೂ ಯಾರ ಕೈಯಿಂದ ಬಂದುದೆಂದು ವಿಚಾರಿಸುತ್ತ ಹೋದರೆ, ಒಂದು ಊರಿನ ಅರ್ಧ ಜನರ ಜೀವನೋಪಾಯವು ಆ ಎರಡು ಮೊರಗಳ ನಡುವೆ ಅಡಗಿ ಕುಳಿತಿರುವುದು ಕಂಡುಬರುತ್ತದೆ. ಬಿದಿರು ಸೀಳಿ ಮೊರ ಹೆಣೆದವನು ಮೇದರವನು. ಹಸಿರು ಬಳೆ ತಂದವನು ಬಳೆಗಾರ. ರವಿಕೆಯ ಕಣ ನೇಕಾರನದು. ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆಗಳು ಸಂತೆಯ ಸಣ್ಣ ವ್ಯಾಪಾರಿಯವು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಗಳು ಒಕ್ಕಲಿನವನವು. ಬಾಗಿನ ಕೊಡುವ ಗೃಹಿಣಿಯ ಮನಸ್ಸಿನಲ್ಲಿ ತಾನು ಯಾವನೋ ಒಬ್ಬ ಕುಶಲಿಯನ್ನು ಉದ್ಧರಿಸುತ್ತಿರುವೆನೆಂಬ ಭಾವನೆ ಎಳ್ಳಷ್ಟೂ ಇರುವುದಿಲ್ಲ. ಮೊರವಿಲ್ಲದೆ ಬಾಗಿನವಿಲ್ಲ, ಆದುದರಿಂದ ಹಬ್ಬದ ಮುನ್ನ ಮೇದರ ಕೇರಿಗೆ ಹೋಗಲೇಬೇಕು. ಅಷ್ಟೇ ಅವಳಿಗೆ ಗೊತ್ತು. ಅಷ್ಟು ಗೊತ್ತಿದ್ದುದೇ ಮೇದರವನಿಗೆ ಸಾಕಾಗಿತ್ತು.

ನಮ್ಮ ಪಂಚಾಂಗವನ್ನು ಈ ದೃಷ್ಟಿಯಿಂದ ಓದಿದರೆ, ತಿಥಿ ನಕ್ಷತ್ರಗಳ ಗಣನೆಯ ಕೆಳಗೆ ಕುಶಲಕರ್ಮಿಗಳ ವಾರ್ಷಿಕ ಆದಾಯದ ಲೆಕ್ಕವೊಂದು ಬರೆದಿರುವಂತೆ ತೋರುತ್ತದೆ. ಗೌರಿಯ ಬೆನ್ನಿಗೇ ಬರುವ ಗಣಪ ಕುಂಬಾರನವನು. ದೀಪಾವಳಿಯ ಹಣತೆಯೂ ಅವನದೇ. ನವರಾತ್ರಿ ಬೊಂಬೆ ಮಾಡುವವನದು. ಸಂಕ್ರಾಂತಿಯಲ್ಲಿ ಎಳ್ಳಿನೊಡನೆ ಬೀರುವ ಸಕ್ಕರೆ ಅಚ್ಚಿನ ಹಿಂದೆ ಮರದಲ್ಲಿ ಆನೆಯನ್ನೋ ಮಂಟಪವನ್ನೋ ತಿರುವುಮುರುವಾಗಿ ಕೆತ್ತಿದ ಬಡಗಿಯೊಬ್ಬನಿದ್ದಾನೆ. ಮದುವೆಯಾಗಿ ಹೊರಟ ಮಗಳಿಗೆ ತವರಿನವರು ಕೊಡುವ ಪಟ್ಟದ ಬೊಂಬೆಗಳಂತೂ, ರಾಜನೂ ರಾಣಿಯೂ ಜೋಡಿಯಾಗಿ, ತಾಯಿಯಿಂದ ಮಗಳಿಗೆ ಮಗಳಿಂದ ಮೊಮ್ಮಗಳಿಗೆ ನಡೆದು, ಮಾಡಿದವನ ಮೂಳೆ ಮಣ್ಣಾದ ಮೇಲೂ ವರ್ಷಕ್ಕೆ ಒಂಬತ್ತು ದಿನ ಅವನ ಕೈಗೆಲಸವನ್ನು ಜಗಲಿಯ ಮೇಲೆ ಮೆರೆಸುತ್ತವೆ.

ಇಷ್ಟು ಹೇಳಿದೊಡನೆ, ಹಿಂದಿನದೆಲ್ಲವೂ ಬಂಗಾರ, ಇಂದಿನದೆಲ್ಲವೂ ತಗಡು ಎಂಬ ಹಳೆಯ ಪ್ರಲಾಪವನ್ನೇ ನಾನು ಹಾಡಹೊರಟಿದ್ದೇನೆಂದು ವಾಚಕರು ಶಂಕಿಸಬಾರದು. ಸುಗ್ಗಿಯ ಕಣದಲ್ಲಿ ಆಯವೆಂದು ಅಳೆದುಕೊಟ್ಟ ನಾಲ್ಕು ಬಳ್ಳ ಕಾಳಿಗಾಗಿ ವರ್ಷವೆಲ್ಲ ದುಡಿದ ಆಯಗಾರನಿಗೆ ತನ್ನ ಕೆಲಸಕ್ಕೆ ಬೆಲೆ ಕಟ್ಟುವ ಸ್ವಾತಂತ್ರ್ಯವಿರಲಿಲ್ಲ. ಜಾತಿಯ ಕಟ್ಟಳೆಯನ್ನು ಮೀರಿ ಬೇರೊಂದು ಕೆಲಸ ಹಿಡಿಯುವ ಮಾರ್ಗವೂ ಇರಲಿಲ್ಲ. ಅವನು ಮಾಡಿದ ಮೊರವು ದೇವರ ಮುಂದೆ ಕುಳಿತರೂ ಅವನು ಅಂಗಳದಲ್ಲಿಯೇ ನಿಲ್ಲಬೇಕಾಗಿತ್ತು. ಇದನ್ನು ಮರೆತು ಗ್ರಾಮಜೀವನದ ಸೌಹಾರ್ದವನ್ನು ಹೊಗಳುವುದು ಅಪ್ರಾಮಾಣಿಕತೆ. ಆದರೆ ನಮ್ಮ ಪರಂಪರೆಯಲ್ಲಿ ಕಲಾವಿದನು ಯಾವಾಗಲೂ ಅನಾಮಧೇಯನಾಗಿಯೇ ಇದ್ದನು, ಹಾಗಿರುವುದೇ ಅವನ ವಿನಯದ ಲಕ್ಷಣವಾಗಿತ್ತು, ಎಂದು ಕೆಲವು ವಿದ್ವಾಂಸರು ಹೇಳುವುದುಂಟಷ್ಟೆ. ಅದನ್ನೂ ನಾನು ಒಪ್ಪಲಾರೆ. ಸುಮಾರು 1258ರಲ್ಲಿ ಎದ್ದ ಸೋಮನಾಥಪುರದ ಕೇಶವ ದೇವಾಲಯದ ಹೊರಭಿತ್ತಿಯಲ್ಲಿ ವಿಗ್ರಹಗಳ ಪೀಠಗಳನ್ನು ಬಗ್ಗಿ ನೋಡಿದವರಿಗೆ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಮತ್ತೆ ಮತ್ತೆ ಸಿಕ್ಕುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ದಾನ ಕೊಟ್ಟ ದಂಡನಾಯಕನ ಹೆಸರು ಶಾಸನದ ಕಂಬದಲ್ಲಿರುವಂತೆ, ಕೆಲಸ ಮಾಡಿದವನ ಹೆಸರು ಕೆಲಸದ ಕಾಲಬುಡದಲ್ಲಿದೆ. ದಾನಿಗೊಂದು ಸ್ಥಳ, ಶಿಲ್ಪಿಗೊಂದು ಸ್ಥಳ. ಎರಡನ್ನೂ ಕಲಸುವ ಗೊಂದಲ ಅವರಿಗಿರಲಿಲ್ಲ.

ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಈ ಗೊಂದಲವನ್ನೇ. ದೀಪಾವಳಿ ಬಂತೆಂದರೆ ನಮ್ಮ ನಗರಗಳಲ್ಲಿ ಉಡುಗೊರೆಗಳ ಒಂದು ಮಹಾಸಂಚಾರ ಪ್ರಾರಂಭವಾಗುತ್ತದೆ. ಇವುಗಳಲ್ಲಿ ಬಹುಪಾಲು ದ್ರಾಕ್ಷಿ ಗೋಡಂಬಿಗಳ ಪೆಟ್ಟಿಗೆಗಳು. ಕಚೇರಿಯಿಂದ ಮನೆಗೆ, ಮನೆಯಿಂದ ಬೀಗರಲ್ಲಿಗೆ, ಬೀಗರಿಂದ ವೈದ್ಯರಿಗೆ, ಹೀಗೆ ಯಾರೂ ಬಿಚ್ಚದೆ ಕೈಯಿಂದ ಕೈಗೆ ದಾಟುವ ಇವುಗಳಲ್ಲೊಂದು ಒಮ್ಮೆ ನಾಲ್ಕನೆಯ ದಿನ ನಮ್ಮ ಮನೆಗೇ ಹಿಂದಿರುಗಿ, ಅದರ ತಳದಲ್ಲಿ ನನ್ನದೇ ಹೆಸರಿನ ಚೀಟಿ ಅಂಟಿಕೊಂಡಿದ್ದುದನ್ನು ಕಂಡು ನಾವು ಮನಸಾರೆ ನಕ್ಕೆವು. ಇಂಥ ಪೆಟ್ಟಿಗೆಗಳಿಗೆ ಬೇಸತ್ತವರು ಈಚೆಗೆ ಇನ್ನೊಂದು ಬಗೆಯ ಉಡುಗೊರೆಯ ಕಡೆ ತಿರುಗಿದ್ದಾರೆ: ಅಂಗವಿಕಲ ಮಕ್ಕಳು ಬಣ್ಣ ಹಾಕಿದ ಹಣತೆ, ಸ್ವಸಹಾಯ ಸಂಘದ ಹೆಂಗಸರು ಹೊಲಿದ ಚೀಲ, ಹೆಸರಿಲ್ಲದ ಚಿತ್ರಕಾರನೊಬ್ಬನ ಚಿತ್ರ, ಇಂತಿಷ್ಟು ಭಾಗ ಅನಾಥಾಲಯಕ್ಕೆ ಸಲ್ಲುವುದೆಂಬ ಚೀಟಿ ಹೊತ್ತ ಮೇಣದ ಬತ್ತಿ. ಈ ತಿರುವು ಒಳ್ಳೆಯದೇ. ಆದರೆ ಅದರೊಳಗೆ ಒಂದು ತೊಡಕು ಸೇರಿಕೊಂಡಿದೆ. ಉಡುಗೊರೆ ಕೊಳ್ಳುವುದು, ಕಲಾವಿದನ ಕೆಲಸಕ್ಕೆ ಬೆಲೆ ಕೊಡುವುದು, ದೀನರಿಗೆ ದಾನ ಮಾಡುವುದು, ಈ ಮೂರು ಬೇರೆ ಬೇರೆ ಕ್ರಿಯೆಗಳನ್ನು ಒಂದೇ ರಸೀತಿಯಲ್ಲಿ ಮುಗಿಸಿಬಿಡಬಹುದೆಂದು ನಾವು ನಂಬತೊಡಗಿದ್ದೇವೆ. ಹಾಗೆ ಮುಗಿಸಿದಾಗ ಮೂರೂ ಕೆಡುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಕಲಾವಿದನ ಪಾಲು ಕೆಡುತ್ತದೆ, ಎಂಬುದು ನನ್ನ ವಾದ.

ಕೊಡುವುದರ ವಿಷಯದಲ್ಲಿ ನಮ್ಮ ಭಾಷೆ ಎಷ್ಟು ಸೂಕ್ಷ್ಮವಾಗಿ ಭೇದ ಮಾಡಿದೆಯೆಂಬುದನ್ನು ಗಮನಿಸಿರಿ. ಮದುವೆಯಲ್ಲಿ ಕೊಡುವುದು ಮುಯ್ಯಿ. ಅದನ್ನು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕು, ಹಿಂದಿರುಗಿಸದವನನ್ನು ಊರು ಮರೆಯುವುದಿಲ್ಲ. ದೊಡ್ಡವರನ್ನು ನೋಡಹೋಗುವಾಗ ಒಯ್ಯುವುದು ಕಾಣಿಕೆ. ವಿದ್ಯೆ ಕಲಿಸಿದವನಿಗೆ ಸಲ್ಲಿಸುವುದು ದಕ್ಷಿಣೆ. ಪ್ರತಿಫಲದ ಆಸೆಯಿಲ್ಲದೆ ಪಾತ್ರನಾದವನಿಗೆ ಕೊಡುವುದು ದಾನ. ಇವೆಲ್ಲವುಗಳಿಂದ ಬೇರೆಯಾಗಿ, ಸಮಾನರಾದ ಇಬ್ಬರು ಎದುರುಬದುರು ನಿಂತು, ನಿನ್ನ ವಸ್ತುವಿಗೆ ನನ್ನ ಹಣ ಎಂದು ಒಪ್ಪಿಕೊಂಡು ಮಾಡುವ ವ್ಯವಹಾರ ಕ್ರಯ. ಕ್ರಯದಲ್ಲಿ ಒಂದು ಗೌರವವಿದೆ. ಅದು ಕೊಳ್ಳುವವನನ್ನು ಮೇಲಕ್ಕೂ ಮಾರುವವನನ್ನು ಕೆಳಕ್ಕೂ ಇರಿಸುವುದಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ತೆಗೆದುಕೊಳ್ಳುವವನ ಕೈ ಕೆಳಗಿರುತ್ತದೆ. ಅದನ್ನು ತಪ್ಪಿಸಲಾಗದೆಂದೇ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಿರಿಯರು ದಾನಕ್ಕೆ ಗೋಪ್ಯದ ನಿಯಮವನ್ನು ವಿಧಿಸಿದರು. ಅಂಗಡಿಯಲ್ಲಿ ಚಿತ್ರವೊಂದನ್ನು ಕೊಳ್ಳುತ್ತ, ಪಾಪ, ಬದುಕಿಕೊಳ್ಳಲಿ, ಎಂದು ಮನಸ್ಸಿನಲ್ಲಿ ಅಂದುಕೊಂಡವನು ಕ್ರಯದ ವೇಷದಲ್ಲಿ ದಾನ ಮಾಡುತ್ತಿದ್ದಾನೆ. ಚಿತ್ರಕಾರನಿಗೆ ಕ್ರಯದ ಗೌರವವೂ ಸಿಗಲಿಲ್ಲ, ದಾನದ ಗೋಪ್ಯವೂ ಸಿಗಲಿಲ್ಲ.

ಇದು ಕೇವಲ ತರ್ಕವಲ್ಲ. ನಾನೇ ಮಾಡಿದ ತಪ್ಪು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಗೆ ನಾನು ಜನವರಿಯಲ್ಲಿ ತಪ್ಪದೆ ಹೋಗುವವನು. ಆ ಒಂದು ಭಾನುವಾರ ವಾಹನಗಳು ಬೇರೆ ದಾರಿ ಹಿಡಿದು, ರಸ್ತೆಯ ಎರಡು ಬದಿಯಲ್ಲಿಯೂ ಕಲಾವಿದರು ತಮ್ಮ ಚಿತ್ರಗಳನ್ನು ಒರಗಿಸಿಟ್ಟು ತಾವೇ ಪಕ್ಕದಲ್ಲಿ ಕುಳಿತಿರುತ್ತಾರೆ; ನೂರಿನ್ನೂರು ರೂಪಾಯಿಗಳ ಚಿತ್ರವೂ ಉಂಟು, ಲಕ್ಷದ ಚಿತ್ರವೂ ಉಂಟು. ಕೆಲವು ವರ್ಷಗಳ ಹಿಂದೆ ಸಂಜೆ ಬಿಸಿಲು ಇಳಿಯುತ್ತಿದ್ದಾಗ ಉತ್ತರ ಕರ್ನಾಟಕದ ಕಡೆಯಿಂದ ಬಂದಿದ್ದ ಒಬ್ಬ ಯುವಕ, ದಿನವೆಲ್ಲ ಒಂದೂ ಮಾರಾಟವಾಗದೆ, ಚಿತ್ರಗಳನ್ನು ಹಳೆಯ ಧೋತ್ರದಲ್ಲಿ ಸುತ್ತುತ್ತಿದ್ದುದನ್ನು ಕಂಡು ನನ್ನ ಮನಸ್ಸು ಕರಗಿತು. ಮೇಲಿದ್ದ ಒಂದನ್ನು, ಕೆರೆಯ ಏರಿಯ ಜಲವರ್ಣ ಚಿತ್ರವದು, ಸರಿಯಾಗಿ ನೋಡದೆಯೇ ಕೇಳಿದಷ್ಟು ಕೊಟ್ಟು ತೆಗೆದುಕೊಂಡೆ. ಮನೆಗೆ ತಂದು ಅಟ್ಟಕ್ಕೆ ಸೇರಿಸಿದೆ. ಎರಡು ವರ್ಷಗಳ ಮೇಲೆ ಅದೇ ರಸ್ತೆಯಲ್ಲಿ ಅವನೇ ನನ್ನ ಗುರುತು ಹಿಡಿದು ಎದ್ದುಬಂದ. “ಸಾರ್, ಆ ಕೆರೆ ಏರಿ ಚಿತ್ರ ಯಾವ ಗೋಡೆಗೆ ಹಾಕಿದೀರಿ? ಎಡಗಡೆಯಿಂದ ಬೆಳಕು ಬಿದ್ರೆ ನೀರು ಚೆನ್ನಾಗಿ ಕಾಣತ್ತೆ.” “ನಡುಮನೇಲಿ ಹಾಕಿದೀನಪ್ಪ,” ಎಂದೆ. ಅವನ ಮುಖ ಅರಳಿದುದನ್ನು ಕಂಡು, ನಾನು ಕೊಟ್ಟ ಹಣಕ್ಕೂ ಅವನು ಬಯಸಿದ್ದಕ್ಕೂ ಎಷ್ಟು ಅಂತರವಿತ್ತೆಂಬುದು ಆಗ ಹೊಳೆಯಿತು. ಅವನ ಪಾಲಿಗೆ ನಾನು ಅವನ ಚಿತ್ರವನ್ನು ಮೆಚ್ಚಿದ ಮೊದಲ ಗ್ರಾಹಕ. ನನ್ನ ಪಾಲಿಗೆ ಅವನು ನಾನು ಉಪಕಾರ ಮಾಡಿದ ಹುಡುಗ. ಮನೆಗೆ ಬಂದು ಅಟ್ಟ ಹತ್ತಿ ಚಿತ್ರವನ್ನು ಇಳಿಸಿ ಧೂಳು ಒರೆಸಿ ನೋಡಿದೆ. ನೀರಿನ ಮೇಲೆ ಬೆಳಕನ್ನು ಅವನು ಬಿಟ್ಟಿದ್ದ ರೀತಿ ನಿಜವಾಗಿಯೂ ಸೊಗಸಾಗಿತ್ತು. ಮೊದಲೇ ಕಣ್ಣು ತೆರೆದು ನೋಡಿದ್ದರೆ ಇನ್ನೂ ಒಂದನ್ನು ಕೇಳಿ ಕೊಳ್ಳುತ್ತಿದ್ದೆ.

ಕರುಣೆಯಿಂದ ಕೊಂಡವನು ಎರಡನೆಯ ಸಲ ಬರುವುದಿಲ್ಲ. ಕರುಣೆಗೆ ವಸ್ತುವಿನ ಮೇಲೆ ದೃಷ್ಟಿಯಿಲ್ಲ. ಒಮ್ಮೆ ಹರಿದು ತೃಪ್ತಿ ಹೊಂದಿದ ಮೇಲೆ ಅದು ಮತ್ತೊಂದು ದುಃಖವನ್ನು ಅರಸಿಕೊಂಡು ಹೋಗುತ್ತದೆ. ಗ್ರಾಹಕನು ರುಚಿಗೆ ಹಣ ಕೊಡದೆ ಸಂಕಟಕ್ಕೆ ಹಣ ಕೊಡುವವನಾದರೆ, ಮಾರುವವನೂ ಕ್ರಮೇಣ ರುಚಿಯನ್ನು ಬಿಟ್ಟು ಸಂಕಟವನ್ನೇ ಮುಂದಿಡತೊಡಗುತ್ತಾನೆ. ಚಿತ್ರದ ಪಕ್ಕದಲ್ಲಿ ಚಿತ್ರಕಾರನ ಬಡತನದ ವರ್ಣನೆ, ಚೀಲದೊಳಗೆ ಹೊಲಿದವಳ ಕಷ್ಟದ ಕಥೆ, ಕಥೆಯ ಪಕ್ಕದಲ್ಲಿ ಅವಳ ಭಾವಚಿತ್ರ. ಹೊಲಿಗೆ ಚೆನ್ನಾಗಿದೆಯೆ, ಬಣ್ಣ ನಿಲ್ಲುವುದೆ, ಎಂಬ ಪ್ರಶ್ನೆಯನ್ನು ಕೇಳುವುದೇ ಅಸಭ್ಯವೆಂಬಂತಹ ವಾತಾವರಣವು ನಿರ್ಮಾಣವಾಗುತ್ತದೆ. ಇದರಿಂದ ಅತಿ ಹೆಚ್ಚಿನ ಅನ್ಯಾಯವಾಗುವುದು ಚೆನ್ನಾಗಿ ಕೆಲಸ ಮಾಡುವವನಿಗೆ, ಏಕೆಂದರೆ ಅವನ ಬಳಿ ಹೇಳಿಕೊಳ್ಳಲು ಕೆಲಸವೊಂದೇ ಇರುತ್ತದೆ. ಬೀದರಿನ ಕುಶಲಕರ್ಮಿಯು ಸತುವಿಗೆ ಹದಿನಾರರಲ್ಲಿ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಬಳ್ಳಿಯ ಗೆರೆಗಳನ್ನು ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಕೋಟೆಯ ಹಳೆಯ ಮಣ್ಣಿನಲ್ಲಿ ನವಸಾಗರ ಬೆರೆಸಿ ಲೇಪಿಸಿ ಲೋಹವನ್ನು ಕಾರ್ಗಪ್ಪಾಗಿಸುವಾಗ, ಆ ಮಣ್ಣಿನ ಗುಣವನ್ನು ನಾಲಗೆಗೆ ತಾಗಿಸಿ ನಿರ್ಣಯಿಸುವಷ್ಟು ಬಲ್ಲವನಾಗಿರುತ್ತಾನೆ. ಅವನಿಗೆ ಅಯ್ಯೋ ಎನ್ನುವವನಲ್ಲ, ಆಹಾ ಎನ್ನುವವನು ಬೇಕು.

ದಾನಕ್ಕೂ ಕಲೆಗೂ ಗಂಟು ಹಾಕುವ ಪದ್ಧತಿ ಹೇಗೆ ಬಂತೆಂಬುದಕ್ಕೆ ಒಂದು ಮನೋಹರವಾದ ಆರಂಭವಿದೆ. ಎರಡನೆಯ ಮಹಾಯುದ್ಧದ ಅನಂತರ ನೆರವು ಪಡೆದ ಜೆಕೊಸ್ಲೊವಾಕಿಯಾದ ಒಂದು ಹಳ್ಳಿಯಲ್ಲಿ ಯಿತ್ಕಾ ಸಾಮ್ಕೋವಾ ಎಂಬ 7 ವರ್ಷದ ಹುಡುಗಿ, ಕಾಗದವಿಲ್ಲದುದರಿಂದ ಗಾಜಿನ ಮೇಲೆ, ಕೃತಜ್ಞತೆಗಾಗಿ ಒಂದು ಚಿತ್ರವನ್ನು ಬರೆದಳು. 1949ರಲ್ಲಿ ಅದೇ ಯೂನಿಸೆಫ್ ಸಂಸ್ಥೆಯ ಮೊತ್ತಮೊದಲ ಶುಭಾಶಯ ಪತ್ರವಾಯಿತು. ನಮ್ಮ ದೇಶದಲ್ಲಿ 1979ರಲ್ಲಿ ರಿಪ್ಪನ್ ಕಪೂರರೂ ಅವರ ಆರು ಮಂದಿ ಸ್ನೇಹಿತರೂ 50 ರೂಪಾಯಿಗಳ ಬಂಡವಾಳದಿಂದ ಮಕ್ಕಳಿಗಾಗಿ ಪ್ರಾರಂಭಿಸಿದ ಕ್ರೈ ಸಂಸ್ಥೆಯೂ ಇಂಥ ಪತ್ರಗಳನ್ನು ಮಾರಿಯೇ ಹಣ ಕೂಡಿಸಿತು. ಹೊಸ ವರ್ಷಕ್ಕೆ ಆ ಪತ್ರಗಳು ಬಾರದ ವಿದ್ಯಾವಂತರ ಮನೆ ಒಂದು ಕಾಲದಲ್ಲಿ ಅಪರೂಪವಾಗಿತ್ತು. ಆ ಪತ್ರಗಳು ಪ್ರಾಮಾಣಿಕವಾಗಿದ್ದುವು. ಕೊಳ್ಳುವವನಿಗೆ ತಾನು ಮಕ್ಕಳಿಗಾಗಿ ಕೊಡುತ್ತಿರುವೆನೆಂಬುದು ಸ್ಪಷ್ಟವಾಗಿತ್ತು, ಸುಂದರವಾದ ಕಾಗದ ಅದರ ಜೊತೆಗೆ ಬಂದ ಸಂತೋಷ.

ಆದರೆ ಈ ಸರಳ ಪದ್ಧತಿ ಬೆಳೆದು ದೊಡ್ಡ ಹೋಟಲುಗಳಲ್ಲಿ ಧರ್ಮಾರ್ಥ ಹರಾಜುಗಳ ರೂಪ ತಾಳಿದಾಗ ಒಂದು ವಿಚಿತ್ರವಾದ ವಿಪರ್ಯಾಸ ಸಂಭವಿಸಿತು. ಸತ್ಕಾರ್ಯಕ್ಕೆ ಚಿತ್ರ ಕೊಡಿರೆಂದು ಕಲಾವಿದನನ್ನು ಕೇಳುತ್ತಾರೆ. ಇಲ್ಲವೆಂದರೆ ಕಲ್ಲೆದೆಯವನೆನ್ನಿಸಿಕೊಳ್ಳಬೇಕಾದ ಅವನು ಕೊಡುತ್ತಾನೆ. ಕೊಂಡ ಶ್ರೀಮಂತನು ಸಭೆಯ ಚಪ್ಪಾಳೆಯನ್ನೂ ಗೋಡೆಗೆ ಚಿತ್ರವನ್ನೂ ಪಡೆಯುತ್ತಾನೆ. ಊಟದ ವ್ಯವಸ್ಥೆ ಮಾಡಿದವನಿಗೆ ಹಣ ಕೊಡುತ್ತಾರೆ, ದೀಪ ಹಾಕಿದವನಿಗೆ ಕೊಡುತ್ತಾರೆ, ಹೂವು ಕಟ್ಟಿದವನಿಗೆ ಕೊಡುತ್ತಾರೆ. ಆ ಸಂಜೆ ಏನನ್ನೂ ಪಡೆಯದೆ ಮನೆಗೆ ಹೋಗುವವನು ಚಿತ್ರ ಬರೆದವನೊಬ್ಬನೇ. ಕಾನೂನೂ ಅವನ ಪಕ್ಷದಲ್ಲಿರಲಿಲ್ಲ. 1961ರ ಆದಾಯ ತೆರಿಗೆಯ ಕಾಯಿದೆ ತನ್ನ 80ಜಿ ವಿಧಿಯಲ್ಲಿ ಹಣದ ರೂಪದ ದಾನಕ್ಕೆ ಮಾತ್ರ ರಿಯಾಯಿತಿ ಇಟ್ಟಿತು, ವಸ್ತುರೂಪದ ದಾನಕ್ಕೆ ಇಡಲಿಲ್ಲ. ಚೆಕ್ಕು ಬರೆದವನ ದಾನ ಲೆಕ್ಕಕ್ಕೆ ಬಂತು, ಮೂರು ತಿಂಗಳು ಕುಳಿತು ಬರೆದ ಚಿತ್ರ ಲೆಕ್ಕಕ್ಕೆ ಬರಲಿಲ್ಲ. ಅತ್ಯಂತ ಕಡಮೆ ಇರುವವನು ಅತ್ಯಂತ ಹೆಚ್ಚು ಕೊಡುವ ಇಂಥ ಏರ್ಪಾಟಿಗೆ ಕಲಾಪ್ರೋತ್ಸಾಹವೆಂಬ ಹೆಸರು ಸಲ್ಲದು. ಧರ್ಮಾರ್ಥ ಹರಾಜು ನಡೆಸುವವರು ಮೊದಲು ಚಿತ್ರವನ್ನು ಅದರ ಬೆಲೆಗೆ ಕೊಂಡು, ಆ ಬೆಲೆಗೆ ಮೇಲ್ಪಟ್ಟು ಬಂದುದನ್ನು ಧರ್ಮಕ್ಕೆ ಸಲ್ಲಿಸಲಿ. ಕಲಾವಿದನು ತನ್ನ ಪಾಲಿನಿಂದ ಏನಾದರೂ ಕೊಡಬಯಸಿದರೆ ಅದು ಅವನ ಸ್ವಂತ ಇಚ್ಛೆ, ಎಲ್ಲರ ದಾನದಂತೆಯೇ ಅವನದೂ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಕೆಲಸವನ್ನೇ ಸಹಾಯದ ರೂಪವಾಗಿ ಕೊಡುವ ಸಂಸ್ಥೆಗಳಿವೆಯಲ್ಲ, ಅವುಗಳನ್ನೂ ನೀವು ಅಲ್ಲಗಳೆಯುತ್ತೀರಾ, ಎಂದು ಕೇಳಬಹುದು. ಅಲ್ಲಗಳೆಯುವುದಿರಲಿ, ನನ್ನ ಪಕ್ಷಕ್ಕೆ ಅವೇ ಸಾಕ್ಷಿ. ಪೋಲಿಯೋದಿಂದ ಕೈಗಳ ಶಕ್ತಿ ಕಳೆದುಕೊಂಡಿದ್ದ ಜರ್ಮನಿಯ ಎರಿಕ್ ಸ್ಟೆಗ್‌ಮಾನ್ 1956ರಲ್ಲಿ ಬಾಯಿಂದಲೂ ಕಾಲಿಂದಲೂ ಕುಂಚ ಹಿಡಿಯುವ ಚಿತ್ರಕಾರರನ್ನು ಒಂದುಗೂಡಿಸಿ ಕಟ್ಟಿದ ಸಂಘವು ತನ್ನನ್ನು ಧರ್ಮಸಂಸ್ಥೆಯೆಂದು ಕರೆಯಬಾರದೆಂದು ಮೊದಲಿನಿಂದಲೂ ಹಟ ಹಿಡಿದಿದೆ. ನಾವು ಚಿತ್ರ ಮಾರಿ ಜೀವಿಸುವವರು ಎಂಬುದೇ ಅವರ ನಿಲುವು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ನಾಟಕಕಾರ ಪ್ರಸನ್ನರ ಪ್ರೇರಣೆಯಿಂದ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘದಲ್ಲಿ ಹಳ್ಳಿಯ ಹೆಂಗಸರು ಅಡಿಕೆ ಬೇಯಿಸಿದ ಚೊಗರಿನ ಕೆಂಗಂದು ಬಣ್ಣದಲ್ಲಿ ಅದ್ದಿ ಸಿದ್ಧಪಡಿಸುವ ಬಟ್ಟೆಯನ್ನು ನಾಡಿನ ಜನ ಉಟ್ಟದ್ದು ಬಡ ಹೆಂಗಸರ ಮೇಲಿನ ಮರುಕದಿಂದಲ್ಲ. ಆ ಬಣ್ಣ, ಆ ಮೃದುತ್ವ ಗಿರಣಿಯ ಬಟ್ಟೆಯಲ್ಲಿ ಸಿಗದೆಂಬ ಕಾರಣದಿಂದ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಪ್ರಸನ್ನರು ಬೆಂಗಳೂರಿನಲ್ಲಿ ಉಪವಾಸ ಕುಳಿತಾಗಲೂ ಅವರು ಬೇಡಿದ್ದು ಅನುದಾನವನ್ನಲ್ಲ.

ಇನ್ನು ಬೆಲೆಯ ವಿಚಾರ. ಬೆಲೆ ಎಂದರೇನೆಂಬುದು ಗೊತ್ತಿಲ್ಲದುದರಿಂದಲೇ ನಾವು ಒಮ್ಮೆ ಅತಿಯಾಗಿ ಜಗ್ಗಾಡುತ್ತೇವೆ, ಒಮ್ಮೆ ಅತಿಯಾಗಿ ಕರಗುತ್ತೇವೆ. ಚನ್ನಪಟ್ಟಣದ ಒಂದು ಬುಗುರಿಯನ್ನು ತೆಗೆದುಕೊಳ್ಳಿ. ಹಾಲೆ ಮರವನ್ನು ಕಡಿದು ತಂದೊಡನೆ ಕೆಲಸಕ್ಕೆ ಹಿಡಿಯುವಂತಿಲ್ಲ. ತುಂಡು ಮಾಡಿ ಹದವಾಗಿ ಒಣಗಲು ಬಿಡಬೇಕು, ಹಸಿಯಾಗಿದ್ದರೆ ಸೀಳು ಬಿಡುತ್ತದೆ. ಒಣಗಿದ ಮರವನ್ನು ಲೇತಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುತ್ತಿರುವಾಗ ಉಳಿಯ ಬಾಯನ್ನು ಕೂದಲೆಳೆಯಷ್ಟು ಒಳಕ್ಕೆ ಹೊರಕ್ಕೆ ಆಡಿಸುತ್ತ ಆಕಾರ ತೆಗೆಯಬೇಕು. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕಡೆಗೆ ಗರಿಯಿಂದ ಉಜ್ಜಿದಾಗ ಆ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳದು. ಮಗುವಿನ ಕೈಯಲ್ಲಿ ಮೂರು ನಿಮಿಷ ತಿರುಗಿ ಬೀಳುವ ಬುಗುರಿಯ ಹಿಂದೆ ಇಷ್ಟಿದೆ. ಹೀಗಿರುವಾಗ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ, ಇಪ್ಪತ್ತು ರೂಪಾಯಿ ಕಡಮೆ ಮಾಡಿದರೆ ಎರಡು ತೆಗೆದುಕೊಳ್ಳುತ್ತೇನೆ ಎನ್ನುವ ಮಹನೀಯರು ಮುಂದಿನ ಊರಿನಲ್ಲಿ ಕಾಫಿಯ ಬೆಲೆಯನ್ನು ನೋಡದೆಯೇ ಹಣ ಎಣಿಸಿಕೊಡುವುದನ್ನು ನಾನು ಕಂಡಿದ್ದೇನೆ. ಕೈಯಿಂದ ಮಾಡಿದುದಕ್ಕೆ ಜಗ್ಗಬಹುದು, ಹೊಳೆಯುವ ದೀಪದಡಿಯಲ್ಲಿ ಮಾರಿದುದಕ್ಕೆ ಜಗ್ಗಬಾರದು ಎಂಬ ನೀತಿ ನಮಗೆ ಯಾರು ಕಲಿಸಿದರೋ ತಿಳಿಯದು.

ನ್ಯಾಯವಾಗಿ ಹೇಳಬೇಕಾದರೆ ಮಧ್ಯವರ್ತಿಯನ್ನೆಲ್ಲ ಕಳ್ಳನೆಂದು ಬಯ್ಯುವ ರೂಢಿಯೂ ತಪ್ಪು. ಕೊಪ್ಪಳದ ಕಡೆಯ ಕಿನ್ನಾಳದಲ್ಲಿ ಹಗುರ ಮರವನ್ನು ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸಿ ಬಣ್ಣ ಹಚ್ಚುವ ಚಿತ್ರಗಾರನು ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಅಂಗಡಿ ಇಡಲಾರ, ಇಟ್ಟರೆ ಕೆತ್ತಲಾರ. ಮಾರುವುದೂ ಒಂದು ಕಸುಬು. ಇದನ್ನು ಚೆನ್ನಾಗಿ ತಿಳಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿದ ಅವರು ಕುಶಲಕರ್ಮಿಯನ್ನು ಹೊಗಳುವುದರಷ್ಟೇ ಶ್ರದ್ಧೆಯಿಂದ ಅವನ ವಸ್ತುವಿಗೆ ಮಾರುಕಟ್ಟೆಯನ್ನು ಹುಡುಕಿದರು. ಅಂಗಡಿಯವನನ್ನು ಕೇಳಬೇಕಾದುದು ಎರಡೇ ಮಾತು: ಇದನ್ನು ಮಾಡಿದವರು ಯಾರು, ಅವರಿಗೆ ಎಷ್ಟು ಸಂದಿದೆ. ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ಎರಡನೆಯದನ್ನು ಕೇಳುವ ಅಗತ್ಯವಿಲ್ಲ.

ಹಬ್ಬದ ಉಡುಗೊರೆಗಳಲ್ಲಿ ದೊಡ್ಡ ಗಾತ್ರದವು ಕಂಪನಿಗಳವು. ಇಲ್ಲಿ ಸದುದ್ದೇಶದಿಂದಲೇ ಆಗುವ ಹಾನಿ ಹೆಚ್ಚು. ಸಾವಿರ ಮಂದಿ ನೌಕರರಿಗೆ ಒಂದೇ ಅಳತೆಯ, ಒಂದೇ ಬಣ್ಣದ, ಕಂಪನಿಯ ಲಾಂಛನ ಹೊತ್ತ ಸಾವಿರ ವಸ್ತುಗಳು ಹದಿನೈದು ದಿನಗಳಲ್ಲಿ ಬೇಕೆಂದು ಒಬ್ಬ ಕುಶಲಕರ್ಮಿಯನ್ನು ಕೇಳಿದರೆ ಅವನನ್ನು ಯಂತ್ರವಾಗೆಂದು ಕೇಳಿದಂತಾಯಿತು. ಅವನು ಯಂತ್ರವಾಗಲಾರದೆ ಕಡೆಗೆ ಯಂತ್ರದ ಮಾಲನ್ನೇ ತಂದು ತನ್ನದೆಂದು ಒಪ್ಪಿಸಿದರೆ ತಪ್ಪು ಅವನೊಬ್ಬನದಲ್ಲ. ಹಣ ಬರುವುದೋ, ಸಂಕ್ರಾಂತಿ ಕಳೆದ ಮೇಲೆ. ಸಣ್ಣ ಉದ್ದಿಮೆಗಳಿಗೆ ಸಲ್ಲಬೇಕಾದುದನ್ನು 45 ದಿನಗಳೊಳಗೆ ಸಲ್ಲಿಸಬೇಕೆಂದು 2006ರ ಕಾಯಿದೆಯೊಂದು ಹೇಳುತ್ತದೆ. ಕೈಕಸುಬಿನವನು ಕಾಯಿದೆಯ ಪುಸ್ತಕ ಹಿಡಿದು ಕಂಪನಿಯ ಮುಂದೆ ನಿಲ್ಲುವನೆಂದು ಯಾರೂ ನಿರೀಕ್ಷಿಸುವುದಿಲ್ಲ, ಆದುದರಿಂದಲೇ ಧೈರ್ಯವಾಗಿ ತಡಮಾಡುತ್ತಾರೆ. 2013ರ ಕಂಪನಿ ಕಾಯಿದೆಯ 135ನೆಯ ವಿಧಿಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡ 2 ಭಾಗವನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಸಾಂಪ್ರದಾಯಿಕ ಕಲೆ, ಕರಕುಶಲಗಳ ಅಭಿವೃದ್ಧಿ ಆ ಕಾರ್ಯಗಳ ಪಟ್ಟಿಯಲ್ಲಿದೆ, ಆದರೆ ನೌಕರರಿಗೆ ಮಾತ್ರ ಉಪಯೋಗವಾಗುವ ವೆಚ್ಚವನ್ನು ಆ ಲೆಕ್ಕಕ್ಕೆ ಸೇರಿಸಲು ನಿಯಮ ಬಿಡುವುದಿಲ್ಲ. ದೀಪಾವಳಿಯ ಉಡುಗೊರೆ ಉಡುಗೊರೆಯೇ, ಸಮಾಜಸೇವೆ ಸಮಾಜಸೇವೆಯೇ, ಎಂಬ ಈ ಭೇದವನ್ನು ಶಾಸನ ಮಾಡಿದವರು ಮಾಡಿದ್ದಾರೆ. ವಾರ್ಷಿಕ ವರದಿಗೆ ಭಾವಚಿತ್ರ ತೆಗೆಸುವವರು ಮಾಡುವುದಿಲ್ಲ. ಸಾವಿರ ಬೇಕಾದರೆ ಹತ್ತು ಊರುಗಳಿಂದ ನೂರು ನೂರು ಕೊಳ್ಳಲಿ. ಒಬ್ಬನಿಗೆ ಬುಗುರಿ, ಇನ್ನೊಬ್ಬನಿಗೆ ಬಟ್ಟಲು ಬಂದರೆ ನೌಕರರು ದಂಗೆಯೇಳುವುದಿಲ್ಲ.

ದಾನದ ಬಗ್ಗೆ ಹೇಳುವುದು ಸ್ವಲ್ಪವೇ. ಸ್ನೇಹಿತರ ಹೆಸರಿನಲ್ಲಿ ಅನ್ನಸಂತರ್ಪಣೆ ಮಾಡಿಸುವುದು, ತಂದೆಯ ನೆನಪಿಗೆ ಶಾಲೆಯಲ್ಲಿ ದತ್ತಿಯಿಡುವುದು ನಮ್ಮಲ್ಲಿ ಹಳೆಯ ಕ್ರಮ. ತಂದೆತಾಯಿಗಳಿಗೆ ಪುಣ್ಯವಾಗಲೆಂದು ಭೂಮಿಯನ್ನು ಬಿಟ್ಟವರ ಶಾಸನಗಳು ನಾಡಿನ ತುಂಬ ನಿಂತಿವೆ. ಆದುದರಿಂದ ನಿಮ್ಮ ಹೆಸರಿನಲ್ಲಿ ಇಂತಿಷ್ಟು ಮಕ್ಕಳಿಗೆ ಪುಸ್ತಕ ಕೊಡಿಸಿದ್ದೇನೆ ಎಂಬ ಪತ್ರವನ್ನು ಹಬ್ಬಕ್ಕೆ ಕಳಿಸುವುದರಲ್ಲಿ ಪರಕೀಯವಾದುದೇನೂ ಇಲ್ಲ. ಪತ್ರ ಪಡೆಯುವವರು ಆ ಕಾರ್ಯವನ್ನು ಮೆಚ್ಚುವವರೋ ಎಂಬುದನ್ನು ಮಾತ್ರ ಮುಂಚೆ ತಿಳಿದುಕೊಳ್ಳಬೇಕು; ನನ್ನ ಪುಣ್ಯದ ಹಂಬಲವನ್ನು ಇನ್ನೊಬ್ಬನ ಮನೆಯ ಮೇಜಿನ ಮೇಲೆ ಇರಿಸಿ ಬರುವುದು ಉಡುಗೊರೆಯಾಗದು. ಮತ್ತು ಲಾಭದ ಒಂದು ಭಾಗ ಸತ್ಕಾರ್ಯಕ್ಕೆ ಎಂದು ಬರೆದ ಪೆಟ್ಟಿಗೆಯ ಮೇಲೆ ಆ ಭಾಗ ಎಷ್ಟೆಂದು ಬರೆದಿಲ್ಲದಿದ್ದರೆ, ಸೊನ್ನೆಯೂ ಒಂದು ಸಂಖ್ಯೆಯೆಂಬುದನ್ನು ನೆನಪಿನಲ್ಲಿಡುವುದು ಒಳಿತು.

ಕಡೆಯದಾಗಿ ಒಂದು ಪ್ರಾರ್ಥನೆ. ಕೈಕೆಲಸದವರೊಡನೆ ಸ್ವಲ್ಪ ಒಡನಾಟವಿದ್ದವರಿಗೆಲ್ಲ ತಿಳಿದ ಸಂಗತಿ ಇದು: ಹಬ್ಬದ ವಾರದಲ್ಲಿ ಬರುವ ಗ್ರಾಹಕರ ಗುಂಪಿಗಿಂತ ಹಬ್ಬಕ್ಕೆ ಮೂರು ತಿಂಗಳು ಮೊದಲು ಬರುವ ಒಬ್ಬ ಗ್ರಾಹಕ ಅವರಿಗೆ ಹೆಚ್ಚು ಪ್ರಯೋಜನದವನು. ಆಷಾಢದಲ್ಲಿ ಮದುವೆಗಳಿಲ್ಲ, ಶುಭಕಾರ್ಯಗಳಿಲ್ಲ, ವ್ಯಾಪಾರವಿಲ್ಲ. ಮಳೆಯಲ್ಲಿ ಮರವೂ ಬೇಗ ಒಣಗುವುದಿಲ್ಲ, ಮಣ್ಣೂ ಒಣಗುವುದಿಲ್ಲ. ಹಬ್ಬದ ಮಾಲಿಗೆ ಬೇಕಾದ ಮರ, ಅರಗು, ಬೆಳ್ಳಿ, ನೂಲುಗಳನ್ನು ಕೊಳ್ಳಬೇಕಾದುದು ಆಗಲೇ, ಬಡ್ಡಿಯವನ ಮನೆಯ ಮೆಟ್ಟಿಲು ಹತ್ತಬೇಕಾದುದೂ ಆಗಲೇ. ನವರಾತ್ರಿಗೆ ಬೊಂಬೆ, ದೀಪಾವಳಿಗೆ ಉಡುಗೊರೆ, ಮಗಳ ಮದುವೆಗೆ ಪಟ್ಟದ ಬೊಂಬೆ ಬೇಕೆನ್ನುವವರು ಆಷಾಢದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಇಂಥದು ಬೇಕೆಂದು ಹೇಳಿ, ಬೆಲೆ ಒಪ್ಪಿಕೊಂಡು, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು, ಮಾಡುವವರ ಹೆಸರನ್ನು ಬರೆದುಕೊಂಡು ಬನ್ನಿರಿ.